ಎಲ್‌ಎಲ್‌ಎಂ ಮುಗಿಯಿತು, ಲಂಡನ್ನಿನಲ್ಲಿ ಕೆಲಸ ಸಿಗುತ್ತಿಲ್ಲ: ಮುಂದೇನು?

ಪ್ರಶ್ನೆ: ನಾನು ಡೊಂಬಿವಲಿಯಲ್ಲಿ ಬೆಳೆದವಳು. ನಮ್ಮ ಮೂಲ ಕುಂದಾಪುರದ ಕಡೆ. ಮುಂಬಯಿ ವಿಶ್ವವಿದ್ಯಾಲಯದಿಂದ ಐದು ವರ್ಷದ ಕಾನೂನು ಪದವಿ ಪಡೆದೆ. ಆಮೇಲೆ ಬಾಂಬೆ ಹೈಕೋರ್ಟಿನಲ್ಲಿ ಒಬ್ಬ ಸೀನಿಯರ್ ಹತ್ತಿರ ಮೂರು ವರ್ಷ ಜೂನಿಯರ್ ಆಗಿದ್ದೆ. ಹೆಚ್ಚಾಗಿ ಹಡಗು, ಸರಕಿನ ಕೇಸುಗಳು. ಬಳಿಕ ಲಂಡನ್ನಿನಲ್ಲಿ ಕಾನೂನಿನ ಸ್ನಾತಕೋತ್ತರ ಪದವಿ, ಅಂದರೆ ಒಂದು ವರ್ಷದ ಎಲ್‌ಎಲ್‌ಎಂ ಮುಗಿಸಿದೆ. ಓದು ಮುಗಿದ ಮೇಲೆ ಅಲ್ಲೇ ಕೆಲಸ ಮಾಡಲು ಬಿಡುವ ಗ್ರಾಜುಯೇಟ್ ವೀಸಾ ಇದೆ, ಇನ್ನು ಹದಿನಾರು ತಿಂಗಳು ಉಳಿದಿದೆ. ನೂರಕ್ಕಿಂತ ಜಾಸ್ತಿ ಅರ್ಜಿ ಹಾಕಿದ್ದೇನೆ, ಸಂದರ್ಶನಕ್ಕೆ ಕರೆದವರು ಇಬ್ಬರೇ. ಅಲ್ಲಿನ ಬಾಡಿಗೆ ಕಟ್ಟಲಾಗದೆ ಎರಡು ತಿಂಗಳಿಗೆಂದು ಮನೆಗೆ ಬಂದಿದ್ದೇನೆ. ಮೂವತ್ತು ಲಕ್ಷಕ್ಕೂ ಮೇಲೆ ಸಾಲ ಇದೆ. ಇಂಗ್ಲೆಂಡಿನಲ್ಲಿ ಸಾಲಿಸಿಟರ್ (ಅಲ್ಲಿನ ಲೈಸೆನ್ಸ್ ಇರುವ ವಕೀಲೆ) ಆಗಲು ಬೇಕಾದ ಎಸ್‌ಕ್ಯೂಇ ಪರೀಕ್ಷೆ ಬರೆಯಲೇ? ನ್ಯೂಯಾರ್ಕ್ ಬಾರ್ ಅಥವಾ ಕೆನಡಾ ನೋಡಲೇ? ಇಲ್ಲ, ವಾಪಸ್ ಬಂದುಬಿಡಲೇ?
ಹೆಸರು ಬೇಡ, ಡೊಂಬಿವಲಿ

ಉತ್ತರ: ನೂರು ಕಡೆ ಇಲ್ಲ ಅನ್ನಿಸಿಕೊಂಡಿದ್ದನ್ನು ನಿಮ್ಮ ಯೋಗ್ಯತೆಯ ಅಳತೆ ಅಂತ ದಯವಿಟ್ಟು ತಿಳಿಯಬೇಡಿ. ನೀವು ಕಳಿಸಿದ ಸಿವಿ ಮತ್ತು ಅರ್ಜಿಗಳ ಪಟ್ಟಿ ಎರಡನ್ನೂ ಕೂತು ಓದಿದೆ. ಸಮಸ್ಯೆ ನಿಮ್ಮಲ್ಲಿಲ್ಲ, ಅರ್ಜಿ ಹೋದ ಜಾಗದಲ್ಲಿದೆ.

ನಿಮ್ಮ ಅರ್ಜಿಗಳು ಮೂರು ಬಗೆಯವು. ಸುಮಾರು ಅರ್ಧದಷ್ಟು ಟ್ರೇನಿಂಗ್ ಕಾಂಟ್ರಾಕ್ಟ್‌ಗೆ ಹೋಗಿವೆ. ಅದು ಇನ್ನೂ ವಕೀಲರಾಗದವರಿಗೆ ಕೊಡುವ ಎರಡು ವರ್ಷದ ತರಬೇತಿ. ದೊಡ್ಡ ಫರ್ಮ್‌ಗಳು ಇದಕ್ಕೆ ಸಾಮಾನ್ಯವಾಗಿ ಎರಡು ವರ್ಷ ಮೊದಲೇ ಜನರನ್ನು ಆರಿಸಿ ಇಟ್ಟುಕೊಳ್ಳುತ್ತವೆ. ಇವತ್ತು ನಿಮ್ಮನ್ನು ಆರಿಸಿದರೂ ಕೆಲಸ ಶುರುವಾಗುವ ಹೊತ್ತಿಗೆ ನಿಮ್ಮ ವೀಸಾ ಮುಗಿದಿರುತ್ತದೆ. ಮೇಲಾಗಿ ನೀವು ಆಗಲೇ ಸನದು (ವಕೀಲಿಯ ಪರವಾನಗಿ) ಇರುವ ವಕೀಲೆ. ಇಂಗ್ಲೆಂಡಿನ ನಿಯಮದಲ್ಲಿ ನಿಮಗೆ ಆ ತರಬೇತಿ ಬೇಕಾಗಿಯೇ ಇಲ್ಲ. ಎರಡನೇ ಗುಂಪು ಅಸೋಸಿಯೇಟ್, ಅಂದರೆ ಫರ್ಮ್‌ನ ಸಂಬಳದ ವಕೀಲರ ಕೆಲಸಗಳದ್ದು. ಅಲ್ಲಿ ಇಂಗ್ಲೆಂಡಿನ ಲೈಸೆನ್ಸ್ ಇರಬೇಕು ಅಂತ ಜಾಹೀರಾತಿನ ಮೊದಲ ಸಾಲಿನಲ್ಲೇ ಬರೆದಿರುತ್ತಾರೆ. ಸಿವಿ ನೋಡುವವರು ಆ ಒಂದು ಸಾಲು ಹುಡುಕುತ್ತಾರೆ, ಸಿಗದಿದ್ದರೆ ಬದಿಗಿಡುತ್ತಾರೆ.

ಮೂರನೆಯದು ಪ್ಯಾರಾಲೀಗಲ್, ಅಂದರೆ ವಕೀಲರಿಗೆ ನೆರವಾಗುವ ಸಹಾಯಕರ ಕೆಲಸ. ಇದಕ್ಕೆ ಲೈಸೆನ್ಸ್ ಬೇಡ, ಗ್ರಾಜುಯೇಟ್ ವೀಸಾದಲ್ಲಿ ಮಾಡಲೂಬಹುದು. ತೊಡಕು ಬರುವುದು ಮುಂದಿನ ಹಂತದಲ್ಲಿ. ಉದ್ಯೋಗದಾತರು ಪ್ರಾಯೋಜಿಸಿ ಕೊಡಿಸುವ ಸ್ಕಿಲ್ಡ್ ವರ್ಕರ್ ವೀಸಾ 2025ರ ಜುಲೈ 22ರಿಂದ ಮುಖ್ಯವಾಗಿ ಪದವಿ ಮಟ್ಟದ ಕೆಲಸಗಳಿಗೆ ಸೀಮಿತವಾಗಿದೆ. ಸಂಬಳದ ಸಾಮಾನ್ಯ ಮಿತಿ ವರ್ಷಕ್ಕೆ 41,700 ಪೌಂಡ್‌ಗೆ ಏರಿದೆ. ಗ್ರಾಜುಯೇಟ್ ವೀಸಾದಿಂದ ಬದಲಾಯಿಸುವವರಿಗೆ 33,400ರ ರಿಯಾಯಿತಿ ಮಿತಿ ಇದೆ, ಆದರೆ ಆ ಕೆಲಸಕ್ಕೆ ನಿಗದಿಯಾದ ದರವನ್ನೂ ಮುಟ್ಟಬೇಕು. ಸಾಲಿಸಿಟರ್ ಕೆಲಸ ಪದವಿ ಮಟ್ಟದ್ದು. ಪ್ಯಾರಾಲೀಗಲ್ ಕೆಲಸವನ್ನು ಅದಕ್ಕಿಂತ ಕೆಳಗಿನದಾಗಿ ಲೆಕ್ಕ ಹಾಕುತ್ತಾರೆ. ಹಾಗಾಗಿ ‘ಮೊದಲು ಪ್ಯಾರಾಲೀಗಲ್ ಆಗಿ ಸೇರೋಣ, ಆಮೇಲೆ ಅವರೇ ವೀಸಾ ಮಾಡಿಸಿಕೊಡುತ್ತಾರೆ’ ಅನ್ನುವ ಹಳೆಯ ದಾರಿಯನ್ನು ನಂಬಿಕೊಂಡು ಕೂರಬೇಡಿ. ನಿಮ್ಮ ಸೀನಿಯರ್ ಗೆಳತಿಯರು ಹಾಗೆ ಗೆದ್ದಿರಬಹುದು. ಅವರು ಹೋದಾಗಿನ ನಿಯಮ ಬೇರೆ ಇತ್ತು.

ಅಂದರೆ ನಿಮ್ಮ ಸ್ಥಿತಿ ಅತ್ತ ದರಿ ಇತ್ತ ಪುಲಿ. ವಿದ್ಯಾರ್ಥಿಗಳ ಸಾಲಿಗೆ ನೀವು ಹೆಚ್ಚಾದಿರಿ, ವಕೀಲರ ಸಾಲಿಗೆ ಕಡಿಮೆಯಾದಿರಿ. ಇದೇ ರೀತಿ ಇನ್ನೂ ನೂರು ಅರ್ಜಿ ಹಾಕಿದರೂ ಉತ್ತರ ಇದೇ ಬರುತ್ತದೆ.

ಇಲ್ಲಿ ನಿಮಗಲ್ಲದೆ ಇನ್ನೂ ಹೋಗದವರಿಗೂ ಒಂದು ಮಾತು ಹೇಳಬೇಕು. ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಅಪ್ಪ ಅಮ್ಮಂದಿರು ನನ್ನನ್ನು ಕೇಳುವುದು ಇದನ್ನೇ: ‘ಮಗಳು ಎಲ್‌ಎಲ್‌ಎಂ ಮಾಡಿದರೆ ಅಲ್ಲೇ ಲಾಯರ್ ಆಗ್ತಾಳೆ ಅಲ್ವಾ?’ ಆಗುವುದಿಲ್ಲ. ಇಂಗ್ಲೆಂಡಿನ ಎಲ್‌ಎಲ್‌ಎಂ ಇಂಗ್ಲೆಂಡಿನ ಲೈಸೆನ್ಸಿಗೆ ಬೇಡವೇ ಬೇಡ. ಡೊಂಬಿವಲಿಯಲ್ಲೇ ಕೂತು ಪರೀಕ್ಷೆಗೆ ಓದಿದರೂ ಅರ್ಹತೆ ಅಷ್ಟೇ. ಎಲ್‌ಎಲ್‌ಎಂ ಕೊಡುವುದು ಒಂದು ವಿಷಯದ ಆಳ, ಒಂದಿಷ್ಟು ಪರಿಚಯ, ಮತ್ತು ಆ ದೇಶದಲ್ಲಿ ಕೆಲವು ಕಾಲ ಇರುವ ಅವಕಾಶ. ಆ ಅವಕಾಶವೂ ಕುಗ್ಗುತ್ತಿದೆ. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಗ್ರಾಜುಯೇಟ್ ವೀಸಾ ಎರಡು ವರ್ಷ ಅಲ್ಲ, ಹದಿನೆಂಟು ತಿಂಗಳು. ಪುಣೆಯಲ್ಲೋ ಗೋವಾದಲ್ಲೋ ಕೊನೆಯ ವರ್ಷ ಓದುತ್ತಾ ಕೋರ್ಸ್ ಹುಡುಕುತ್ತಿರುವವರು ಮೊದಲು ಯಾವ ದೇಶದ ಲೈಸೆನ್ಸ್ ಬೇಕು ಅಂತ ತೀರ್ಮಾನಿಸಿ. ಕಾಲೇಜು ಆಮೇಲೆ.

ಈಗ ನಿಮ್ಮ ಸಿವಿ. ನನಗೆ ಬೇಜಾರಾಗಿದ್ದು ಇದನ್ನು ಓದಿದಾಗ. ಎಲ್‌ಎಲ್‌ಎಂ ಪ್ರಬಂಧಕ್ಕೆ ಅರ್ಧ ಪುಟ ಕೊಟ್ಟಿದ್ದೀರಿ. ಬಾಂಬೆ ಹೈಕೋರ್ಟಿನ ಮೂರು ವರ್ಷಕ್ಕೆ ಎರಡೇ ಸಾಲು: ‘ಹಿರಿಯ ವಕೀಲರಿಗೆ ಸಹಾಯ ಮಾಡಿದೆ, ಸಂಶೋಧನೆ ಮಾಡಿದೆ.’ ನೀವು ಇಂಥ ಚೇಂಬರಿನಲ್ಲಿ ಏನು ಮಾಡಿರುತ್ತೀರಿ ಅಂತ ನನಗೆ ಗೊತ್ತು. ನ್ಹಾವಾ ಶೇವಾ ಬಂದರಿನಲ್ಲಿ ನಿಂತ ಹಡಗು ಬೆಳಗಿನ ಜಾವ ಹೊರಡುತ್ತದೆ ಅಂತ ಸಂಜೆ ಫೋನ್ ಬರುತ್ತದೆ. ರಾತ್ರಿಯೊಳಗೆ ದಾವೆ, ಅಫಿಡವಿಟ್, ನಷ್ಟಭರ್ತಿಯ ಮುಚ್ಚಳಿಕೆ ಎಲ್ಲ ಸಿದ್ಧವಾಗಬೇಕು. ಹಡಗು ತಡೆಯುವುದರ ವಿರುದ್ಧ ಯಾರಾದರೂ ಕೇವಿಯಟ್ (ತಮಗೆ ತಿಳಿಸದೆ ಆದೇಶ ಕೊಡಬೇಡಿ ಅನ್ನುವ ಅರ್ಜಿ) ಹಾಕಿದ್ದಾರಾ ಅಂತ ನೋಡಬೇಕು. ನ್ಯಾಯಮೂರ್ತಿಗಳ ಮುಂದೆ ತುರ್ತಾಗಿ ಪ್ರಸ್ತಾಪಿಸಬೇಕು. ಆದೇಶ ಸಿಕ್ಕ ಕೂಡಲೇ ಮುಂಬಯಿ ಶೆರಿಫ್ ಕಚೇರಿಯ ಹಿಂದೆ ಬಿದ್ದು ವಾರಂಟ್ ಜಾರಿ ಮಾಡಿಸಬೇಕು. ಸಿಂಗಾಪುರದಲ್ಲೋ ಗ್ರೀಸಿನಲ್ಲೋ ಇರುವ ಕಕ್ಷಿದಾರನಿಗೆ ಗಂಟೆಗೊಮ್ಮೆ ಮೇಲ್ ಹಾಕಬೇಕು. ಇಪ್ಪತ್ತೈದು, ಇಪ್ಪತ್ತಾರರ ವಯಸ್ಸಿನಲ್ಲಿ ಇಷ್ಟನ್ನು ಸ್ವತಃ ಮಾಡಿದವರು ಲಂಡನ್ನಿನಲ್ಲಿ ಓದಿದ ನಿಮ್ಮ ಸಹಪಾಠಿಗಳಲ್ಲಿ ಎಷ್ಟು ಜನ ಇದ್ದಾರೆ?

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಹಡಗಿನ ಕಾನೂನಿಗೆ ಲಂಡನ್ ರಾಜಧಾನಿ. ಹಡಗು ಬಾಡಿಗೆ ಕರಾರುಗಳಲ್ಲಿ ಬಹಳಷ್ಟು ಇಂಗ್ಲಿಷ್ ಕಾನೂನಿನಡಿ, ಲಂಡನ್ ಮಧ್ಯಸ್ಥಿಕೆಯ ಷರತ್ತಿನೊಂದಿಗೆ ಬರುತ್ತವೆ. ಆದರೆ ಹಡಗು ನಿಲ್ಲುವುದು ಮುಂಬಯಿಯಲ್ಲಿ, ಮುರ್ಮುಗೋವಾದಲ್ಲಿ, ಮಂಗಳೂರಿನಲ್ಲಿ, ಕಾಂಡ್ಲಾದಲ್ಲಿ. ಅದನ್ನು ತಡೆಯಬೇಕಾದರೆ ಹಡಗಿನ ವ್ಯಾಜ್ಯಗಳಿಗಾಗಿಯೇ ಇರುವ 2017ರ ನಮ್ಮ ಅಡ್ಮಿರಾಲ್ಟಿ ಕಾಯ್ದೆ ಗೊತ್ತಿರಬೇಕು. ಅದು 2018ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ಬಾಂಬೆ, ಕರ್ನಾಟಕ ಹೈಕೋರ್ಟುಗಳೂ ಸೇರಿದಂತೆ ಕರಾವಳಿಯ ಹೈಕೋರ್ಟುಗಳಿಗೆ ಅಧಿಕಾರ ಕೊಟ್ಟಿದೆ. ಲಂಡನ್ನಿನ ಸಾಲಿಸಿಟರ್‌ಗೆ ಇದು ಪುಸ್ತಕದಲ್ಲಿ ಓದಿದ ವಿಷಯ. ನಿಮಗೆ ಕೈಯಲ್ಲಿ ಮಾಡಿದ ಕೆಲಸ.

ಇನ್ನೊಂದು, ನಿಮ್ಮ ಪಟ್ಟಿಯಲ್ಲಿ ಒಂದೇ ಒಂದು ಪಿ ಆಂಡ್ ಐ ಕ್ಲಬ್ ಇಲ್ಲ! ಇವು ಹಡಗು ಮಾಲೀಕರೇ ಸೇರಿ ಕಟ್ಟಿಕೊಂಡ ಪರಸ್ಪರ ವಿಮಾ ಸಂಘಗಳು. ದೊಡ್ಡ 12 ಕ್ಲಬ್‌ಗಳ ಅಂತಾರಾಷ್ಟ್ರೀಯ ಗುಂಪು ಜಗತ್ತಿನ ಸಾಗರಯಾನ ಹಡಗುಗಳ ಭಾರದಲ್ಲಿ ಸುಮಾರು 90 ಶೇಕಡಾಕ್ಕೆ ರಕ್ಷಣೆ ಕೊಡುತ್ತದೆ. ಅಲ್ಲಿ ಕ್ಲೇಮ್ಸ್ ಹ್ಯಾಂಡ್ಲರ್ ಅನ್ನುವ ಹುದ್ದೆ ಇದೆ. ಸರಕು ಕೆಟ್ಟಿತು, ಹಡಗು ತಡೆಯಾಯಿತು, ನಾವಿಕರಿಗೆ ಗಾಯವಾಯಿತು ಅಂದಾಗ ಆ ಕೇಸನ್ನು ಮೊದಲಿಂದ ಕೊನೆವರೆಗೆ ನೋಡಿಕೊಳ್ಳುವವರು ಇವರೇ. ಕಾನೂನು ಓದಿದವರನ್ನು ಇಷ್ಟಪಟ್ಟು ತೆಗೆದುಕೊಳ್ಳುತ್ತಾರೆ, ಆದರೆ ಇಂಗ್ಲೆಂಡಿನ ಸಾಲಿಸಿಟರ್ ಆಗಿರಲೇಬೇಕು ಅಂತಿಲ್ಲ. ಲಂಡನ್ ಬಿಟ್ಟರೆ ಸಿಂಗಾಪುರ, ಹಾಂಗ್‌ಕಾಂಗ್, ಗ್ರೀಸಿನ ಪಿರೇಯಸ್‌ನಲ್ಲೂ ಕ್ಲಬ್‌ಗಳ ಕಚೇರಿಗಳಿವೆ. ಅದೇ ರೀತಿ ಸರಕು ವ್ಯಾಪಾರದ ಕಂಪನಿಗಳು, ಹಡಗು ನಿರ್ವಹಣಾ ಕಂಪನಿಗಳು, ಸರಕು ವಿಮಾ ಕಂಪನಿಗಳ ಕಾನೂನು ವಿಭಾಗಗಳು. ಇವರಲ್ಲಿ ಯಾರು ವೀಸಾ ಪ್ರಾಯೋಜಕರು ಅಂತ ತಿಳಿಯುವುದು ಸುಲಭ. ಬ್ರಿಟನ್ನಿನ ಗೃಹ ಇಲಾಖೆ ಪರವಾನಗಿ ಇರುವ ಪ್ರಾಯೋಜಕರ ಪಟ್ಟಿಯನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತದೆ. ಮೊದಲು ಆ ಪಟ್ಟಿ ನೋಡಿ, ಆಮೇಲೆ ಅರ್ಜಿ ಬರೆಯಿರಿ. ಹುದ್ದೆ ವೀಸಾಕ್ಕೆ ಹೊಂದುತ್ತದಾ ಅಂತ ಮೊದಲ ಸುತ್ತಿನಲ್ಲೇ ನೇರವಾಗಿ ಕೇಳಿ. ಮುಚ್ಚಿಟ್ಟು ಮೂರು ಸುತ್ತು ಕಳೆದ ಮೇಲೆ ಹೇಳಿದರೆ ಇಬ್ಬರಿಗೂ ನಷ್ಟ.

ಭಾರತದ ಅನುಭವಕ್ಕೆ ಹೊರಗೆ ಬೆಲೆ ಇರುವುದಕ್ಕೆ ಒಂದು ಹಿನ್ನೆಲೆ ಇದೆ. ಅದು ನಮ್ಮ ಮುಂಬಯಿಯ ಫೋರ್ಟಿನಲ್ಲೇ, ಹೈಕೋರ್ಟು ಇರುವ ಕಡೆ, ನಡೆದ ಕಥೆ. ವಿದೇಶಿ ಫರ್ಮ್‌ಗಳು ಇಲ್ಲಿ ಲಿಯೇಸನ್ (ಸಂಪರ್ಕ) ಕಚೇರಿ ತೆರೆದಿದ್ದನ್ನು ಪ್ರಶ್ನಿಸಿ ಲಾಯರ್ಸ್ ಕಲೆಕ್ಟಿವ್ ಸಂಸ್ಥೆ 1995ರಲ್ಲಿ ಬಾಂಬೆ ಹೈಕೋರ್ಟಿಗೆ ಹೋಯಿತು. 2009ರ ಡಿಸೆಂಬರಿನಲ್ಲಿ ತೀರ್ಪು ಬಂತು. ಕೋರ್ಟಿನಲ್ಲಿ ವಾದಿಸುವುದಷ್ಟೇ ಅಲ್ಲ, ಕರಡು ಬರೆಯುವುದು, ಸಲಹೆ ಕೊಡುವುದೂ ವಕೀಲಿ ವೃತ್ತಿಯೇ, ಅದಕ್ಕೆ ಇಲ್ಲಿನ ಸನದು ಬೇಕು ಅಂತ ಕೋರ್ಟು ಹೇಳಿತು. 2018ರ ಮಾರ್ಚ್ 13ರಂದು ಎ.ಕೆ. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದೇ ನಿಲುವು ತಾಳಿತು. ಆಗಾಗ ಬಂದು ಸಲಹೆ ಕೊಟ್ಟು ಹೋಗುವುದಕ್ಕೆ ಮಾತ್ರ ಒಂದು ಕಿಂಡಿ ಬಿಟ್ಟಿತು. ವಕೀಲರನ್ನು ನಿಯಂತ್ರಿಸುವ ಭಾರತೀಯ ಬಾರ್ ಕೌನ್ಸಿಲ್ 2023ರಲ್ಲಿ ನಿಯಮ ತಂದು, 2025ರ ಮೇ ತಿಂಗಳಲ್ಲಿ ತಿದ್ದಿ, ಬಾಗಿಲನ್ನು ಸ್ವಲ್ಪ ತೆರೆದಿದೆ. ಆದರೂ ವಿದೇಶಿ ಫರ್ಮ್‌ಗಳು ಭಾರತದ ಕಾನೂನಿಗೂ ಕೋರ್ಟಿಗೂ ಕೈ ಹಾಕುವಂತಿಲ್ಲ. 2025ರ ಜುಲೈಯಲ್ಲಿ ಸಹಿಯಾದ ಭಾರತ ಬ್ರಿಟನ್ ವ್ಯಾಪಾರ ಒಪ್ಪಂದದಲ್ಲೂ ವಕೀಲಿ ಸೇವೆಗೆ ಜಾಗ ಸಿಗಲಿಲ್ಲ.

ಇದರ ಫಲ ಏನು? ಭಾರತಕ್ಕೆ ಸಂಬಂಧಿಸಿದ ಕೆಲಸವನ್ನು ವಿದೇಶಿ ಫರ್ಮ್‌ಗಳು ಲಂಡನ್, ಸಿಂಗಾಪುರ, ದುಬೈನಲ್ಲಿ ಕೂತು ಮಾಡುತ್ತವೆ. ಅದಕ್ಕೆ ಇಂಡಿಯಾ ಡೆಸ್ಕ್ ಅಂತ ಒಂದು ಗುಂಪೇ ಇರುತ್ತದೆ. ಭಾರತದ ಕಂಪನಿ ಹೊರದೇಶದಲ್ಲಿ ಸಾಲ ತೆಗೆಯುತ್ತದೆ, ಬಾಂಡ್ ಬಿಡುತ್ತದೆ, ಮಧ್ಯಸ್ಥಿಕೆಗೆ ಹೋಗುತ್ತದೆ. ಆ ಫೈಲನ್ನು ನೋಡುವವರಿಗೆ ಭಾರತದ ಕಂಪನಿ ಹೇಗೆ ಯೋಚಿಸುತ್ತದೆ, ನಮ್ಮ ಕೋರ್ಟಿನಲ್ಲಿ ತಡೆಯಾಜ್ಞೆ ಹೇಗೆ ಬರುತ್ತದೆ, ಇಂಗ್ಲೆಂಡಿನ ತೀರ್ಪನ್ನು ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಅಡಿ ಹೇಗೆ ಜಾರಿ ಮಾಡಿಸಬೇಕು ಎಂದು ತಿಳಿದವರು ಬೇಕು. ಅಲ್ಲಿ ನಿಮ್ಮ ಸ್ಪರ್ಧಿ ಇಂಗ್ಲಿಷ್ ಹುಡುಗ ಅಲ್ಲ. ಉಳಿದೆಡೆ ನೀವು ಅವರಿಗಿಂತ ಹತ್ತು ಹೆಜ್ಜೆ ಹಿಂದಿನಿಂದ ಓಡಬೇಕು, ಇಲ್ಲಿ ನೀವೇ ಮುಂದೆ. ಗೋವಾದಲ್ಲಿ ಓದಿದವರಿಗೂ ಇಂಥದ್ದೇ ಒಂದು ಬಂಡವಾಳ ಇದೆ. ಪೋರ್ಚುಗೀಸ್ ಕಾಲದ ಸಿವಿಲ್ ಕೋಡ್‌ನ ಆಸ್ತಿ ಹಂಚಿಕೆ, ತೀರಿಕೊಂಡವರ ಆಸ್ತಿ ಪಟ್ಟಿ ಮಾಡಿ ಹಂಚುವ ಇನ್ವೆಂಟರಿ ಪ್ರಕ್ರಿಯೆ ಗೊತ್ತಿರುವವರು ಇಂಗ್ಲೆಂಡಿನಲ್ಲಿ ಎಷ್ಟು ಜನ ಸಿಗುತ್ತಾರೆ? ಸ್ವಿಂಡನ್ ಊರಿನಲ್ಲಿ ನೆಲೆಸಿರುವ ಗೋವಾ ಕುಟುಂಬಗಳಿಗೆ ಇಂಥವರು ಬೇಕಾಗುತ್ತಾರೆ.

ಮುಂದಿನ ಹತ್ತು ದಿನದಲ್ಲಿ ನೀವು ಮಾಡಬೇಕಾದ ಒಂದು ಕೆಲಸ ಹೇಳುತ್ತೇನೆ. 2025ರಲ್ಲಿ ನಮ್ಮ ಸಂಸತ್ತು ಹಡಗಿನ ಕಾನೂನನ್ನೇ ಹೊಸದಾಗಿ ಬರೆದಿದೆ. 1856ರ ಬಿಲ್ಸ್ ಆಫ್ ಲೇಡಿಂಗ್ (ಹಡಗಿಗೆ ಹೇರಿದ ಸರಕಿನ ರಸೀದಿ) ಕಾಯ್ದೆ, 1925ರ ಸಮುದ್ರ ಸರಕು ಸಾಗಣೆ ಕಾಯ್ದೆ, 1958ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆ, 1908ರ ಬಂದರು ಕಾಯ್ದೆ, ನಾಲ್ಕರ ಜಾಗಕ್ಕೂ ಹೊಸವು ಬಂದಿವೆ. ಇವುಗಳಿಂದ ಲಂಡನ್ನಿನ ಹಡಗು ಮಾಲೀಕನಿಗೆ, ವಿಮೆಗಾರನಿಗೆ ಏನು ಬದಲಾಯಿತು ಅಂತ ಎರಡು ಪುಟ ಬರೆಯಿರಿ. ಎಲ್‌ಎಲ್‌ಎಂ ಪ್ರಬಂಧದ ಶೈಲಿ ಬೇಡ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಓದಿ ಅರ್ಥ ಮಾಡಿಕೊಳ್ಳುವಂತಿರಲಿ. ನಿಮ್ಮ ಸೀನಿಯರಿಗೆ ತೋರಿಸಿ ತಿದ್ದಿಸಿಕೊಳ್ಳಿ. ಆಮೇಲೆ ಹಡಗಿನ ಕೆಲಸ ಮಾಡುವ ಫರ್ಮ್‌ಗಳ ಪಾರ್ಟ್ನರ್‌ಗಳಿಗೆ, ಕ್ಲಬ್‌ಗಳ ಭಾರತ ವಿಭಾಗ ನೋಡುವವರಿಗೆ ಹೆಸರು ಹಿಡಿದು ಕಳಿಸಿ. ಕೆಲಸ ಕೊಡಿ ಅಂತ ಕೇಳಬೇಡಿ. ಹದಿನೈದು ನಿಮಿಷ ಮಾತಾಡಲು ಸಮಯ ಕೇಳಿ. ಹತ್ತು ಜನರಲ್ಲಿ ಇಬ್ಬರು ಉತ್ತರಿಸಿದರೂ ನೂರು ಅರ್ಜಿಗಿಂತ ಅದು ದೊಡ್ಡದು.

ಮುಂಬಯಿಯಲ್ಲಿ ಇರುವ ಈ ಎರಡು ತಿಂಗಳಲ್ಲಿ ಬಲ್ಲಾರ್ಡ್ ಎಸ್ಟೇಟ್ ಕಡೆ ಒಂದು ಸುತ್ತು ಹಾಕಿ. ಕ್ಲಬ್‌ಗಳ ಸ್ಥಳೀಯ ಪ್ರತಿನಿಧಿ ಸಂಸ್ಥೆಗಳು ಮುಂಬಯಿಯಲ್ಲಿವೆ. ನೀವು ಎದುರು ಪಕ್ಷದಲ್ಲಿದ್ದಾಗ ಅವರಲ್ಲಿ ಕೆಲವರ ಜೊತೆ ಮಾತಾಡಿಯೂ ಇರುತ್ತೀರಿ. ಅವರು ದಿನಾ ಲಂಡನ್ನಿಗೆ ಮೇಲ್ ಹಾಕುವವರು. ಅವರ ಒಂದು ಸಾಲಿನ ಪರಿಚಯ ಯಾವ ಜಾಬ್ ಪೋರ್ಟಲ್‌ನಲ್ಲೂ ಸಿಗುವುದಿಲ್ಲ.

ಎಸ್‌ಕ್ಯೂಇ ಬರೆಯಬೇಕಾ ಅಂದಿರಿ. ಬರೆಯಿರಿ. ಇದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಹೇಗೆ ಅನ್ನುವುದು ಮುಖ್ಯ.

2021ರ ಸೆಪ್ಟೆಂಬರಿನಲ್ಲಿ ಶುರುವಾದ ಈ ಪರೀಕ್ಷೆಗೆ ಎರಡು ಹಂತ. ಮೊದಲ ಹಂತದಲ್ಲಿ ತಲಾ 180 ಪ್ರಶ್ನೆಗಳ ಎರಡು ಪತ್ರಿಕೆ, ಎಲ್ಲವೂ ಆಯ್ಕೆಯ ಉತ್ತರದವು. ಜನವರಿ ಮತ್ತು ಜುಲೈಯಲ್ಲಿ ನಡೆಯುತ್ತದೆ, ಭಾರತದ ಕೇಂದ್ರಗಳಲ್ಲೂ ಬರೆಯಬಹುದು. ಎರಡನೇ ಹಂತದಲ್ಲಿ ಹದಿನಾರು ಪ್ರಾಯೋಗಿಕ ಕೆಲಸಗಳು: ಹನ್ನೆರಡು ಬರವಣಿಗೆಯವು, ನಾಲ್ಕು ಮಾತಿನವು. ಮಾತಿನ ಭಾಗಕ್ಕೆ ಬ್ರಿಟನ್ನಿಗೇ ಹೋಗಬೇಕು. ಎರಡೂ ಹಂತದ ಶುಲ್ಕ ಸೇರಿ 4,900 ಪೌಂಡ್ ದಾಟುತ್ತದೆ, ಅಂದರೆ ಐದು ಲಕ್ಷ ರೂಪಾಯಿಗೂ ಜಾಸ್ತಿ. ಕೋಚಿಂಗ್ ಖರ್ಚು ಬೇರೆ. ನಮ್ಮಂಥ ವಿದೇಶಿ ವಕೀಲರಿಗೆ ಎರಡು ವರ್ಷದ ಕೆಲಸದ ಅನುಭವದ ಷರತ್ತು ಇಲ್ಲ. ಇದು ದೊಡ್ಡ ಅನುಕೂಲ. ಜೊತೆಗೆ ಕನಿಷ್ಠ ಎರಡು ವರ್ಷ ವಕೀಲಿ ಮಾಡಿದವರು ಎರಡನೇ ಹಂತದಿಂದ ವಿನಾಯಿತಿ ಕೇಳಬಹುದು. ಕೇಳಿದವರಿಗೆಲ್ಲ ಸಿಗುವುದಿಲ್ಲ. ಮಾಡಿದ ಕೆಲಸಕ್ಕೆ ದಾಖಲೆ ಇರಬೇಕು. ನಿಮಗೆ ಮೂರು ವರ್ಷ ಇದೆ, ಖಂಡಿತ ಅರ್ಜಿ ಹಾಕಿ. ಅದರ ಉತ್ತರ ಬರುವ ಮೊದಲು ಎರಡನೇ ಹಂತದ ದುಡ್ಡು ಕಟ್ಟಬೇಡಿ, ಅದರ ಕೋಚಿಂಗ್‌ಗೂ ಸೇರಬೇಡಿ.

ಪರೀಕ್ಷೆ ಸುಲಭ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2024ರ ಜುಲೈಯಲ್ಲಿ ಮೊದಲ ಹಂತ ಪಾಸಾದವರು ಶೇಕಡಾ 44 ಮಾತ್ರ. ಆರು ವರ್ಷದೊಳಗೆ ಮೂರೇ ಅವಕಾಶ. ನಮ್ಮವರು ಎಡವುವುದು ಗೊತ್ತಿಲ್ಲದ ವಿಷಯದಲ್ಲಿ ಅಲ್ಲ, ಗೊತ್ತಿದೆ ಅಂದುಕೊಂಡ ವಿಷಯದಲ್ಲಿ. ಕರಾರು ಕಾನೂನನ್ನೇ ನೋಡಿ. ನಮ್ಮ 1872ರ ಕಾಯ್ದೆಯಲ್ಲಿ ಪ್ರತಿಫಲ (ಕೊಟ್ಟ ಮಾತಿಗೆ ಬದಲಾಗಿ ಸಿಗುವುದು) ಮೂರನೆಯವರಿಂದ ಬಂದರೂ ನಡೆಯುತ್ತದೆ, ಹಿಂದೆಯೇ ಕೊಟ್ಟಿದ್ದರೂ ನಡೆಯುತ್ತದೆ. ಇಂಗ್ಲೆಂಡಿನಲ್ಲಿ ಸಾಮಾನ್ಯ ನಿಯಮ ಇದಕ್ಕೆ ಉಲ್ಟಾ. ಐದು ವರ್ಷ ಬಾಯಿಪಾಠ ಮಾಡಿದ್ದು ಗಡಿಬಿಡಿಯಲ್ಲಿ ಕೈಗೆ ಬಂದುಬಿಡುತ್ತದೆ, ಒಂದು ಅಂಕ ಹೋಗುತ್ತದೆ. ಭೂಮಿ ಮತ್ತು ಟ್ರಸ್ಟ್ ಕಾನೂನು ಇನ್ನೂ ಕಷ್ಟ. ಒಂದೇ ಆಸ್ತಿಗೆ ಕಾನೂನಿನ ಒಡೆತನ ಒಬ್ಬರದು, ಈಕ್ವಿಟಿಯ ಒಡೆತನ, ಅಂದರೆ ಅದರ ಲಾಭ ಪಡೆಯುವ ಹಕ್ಕು, ಇನ್ನೊಬ್ಬರದು ಅನ್ನುವುದು ಅಲ್ಲಿನ ಬುನಾದಿ. ನಮ್ಮ ಆಸ್ತಿ ವರ್ಗಾವಣೆ ಕಾಯ್ದೆ ಆ ವಿಭಜನೆಯನ್ನು ಒಪ್ಪಿಲ್ಲ. ಸಾಲಿಸಿಟರ್‌ಗಳ ಅಕೌಂಟ್ಸ್ ನಿಯಮಗಳಂತೂ ಪೂರ್ತಿ ಹೊಸದು. ಈ ಮೂರಕ್ಕೆ ಜಾಸ್ತಿ ಸಮಯ ಇಡಿ. ಟಾರ್ಟ್ (ಕರಾರಿಲ್ಲದೆಯೂ ಮಾಡಿದ ಹಾನಿಗೆ ಪರಿಹಾರ ಕೊಡಿಸುವ ಕಾನೂನು) ನಿಮಗೆ ಅಷ್ಟು ತೊಂದರೆ ಕೊಡುವುದಿಲ್ಲ.

ಸಿವಿಯಲ್ಲಿ ಒಂದು ಎಚ್ಚರಿಕೆ. ನಮ್ಮ ಮುಂಬಯಿಯಲ್ಲಿ ಬಾಂಬೆ ಇನ್‌ಕಾರ್ಪೊರೇಟೆಡ್ ಲಾ ಸೊಸೈಟಿಯ ಪರೀಕ್ಷೆ ಪಾಸು ಮಾಡಿ ಸಾಲಿಸಿಟರ್ ಅನ್ನಿಸಿಕೊಳ್ಳುವ ಪದ್ಧತಿ ಇದೆ. ನಿಮ್ಮ ಜೊತೆಯವರು ಕೆಲವರು ಅದನ್ನು ಲಂಡನ್ ಸಿವಿಯಲ್ಲೂ ಹಾಗೇ ಬರೆಯುತ್ತಾರೆ. ಇಂಗ್ಲೆಂಡಿನಲ್ಲಿ ಅರ್ಹತೆ ಇಲ್ಲದೆ ಆ ಪದ ಬಳಸುವುದು 1974ರ ಸಾಲಿಸಿಟರ್ಸ್ ಕಾಯ್ದೆಯಡಿ ಅಪರಾಧ. ‘ಭಾರತದ ಅಡ್ವೊಕೇಟ್, ಮಹಾರಾಷ್ಟ್ರ ಮತ್ತು ಗೋವಾ ಬಾರ್ ಕೌನ್ಸಿಲ್’ ಅಂತ ಬರೆಯಿರಿ. ಅದು ಸತ್ಯವೂ ಹೌದು, ಗೌರವದ ಮಾತೂ ಹೌದು. ಸಿವಿ ಎರಡು ಪುಟ ಮೀರದಿರಲಿ. ಫೋಟೋ, ಹುಟ್ಟಿದ ದಿನ, ಅಪ್ಪನ ಹೆಸರು, ಮದುವೆಯ ವಿಷಯ ಯಾವುದೂ ಬೇಡ. ನೋಟಿಸ್ ಆಫ್ ಮೋಷನ್, ಚೇಂಬರ್ ಸಮನ್ಸ್ ಅಂತ ನಮ್ಮ ಕೋರ್ಟಿನ ಅರ್ಜಿಗಳ ಹೆಸರು ಬರೆಯುವ ಬದಲು, ಆ ಅರ್ಜಿಯಿಂದ ಏನು ಕೇಳಿದಿರಿ, ಏನು ಸಿಕ್ಕಿತು ಅಂತ ಬರೆಯಿರಿ.

ಕಾಗದ ಪತ್ರಗಳ ಕೆಲಸವನ್ನೂ ಇಲ್ಲಿರುವಾಗಲೇ ಮುಗಿಸಿಬಿಡಿ, ಲಂಡನ್ನಿನಿಂದ ಮಾಡಿಸುವುದು ತಲೆನೋವು. ಫೋರ್ಟಿನಲ್ಲಿರುವ ಬಾರ್ ಕೌನ್ಸಿಲ್ ಕಚೇರಿಯಿಂದ ನಿಮ್ಮ ಸನದು ಸರಿಯಾಗಿದೆ ಅನ್ನುವ ಗುಡ್ ಸ್ಟ್ಯಾಂಡಿಂಗ್ ಪ್ರಮಾಣಪತ್ರ ತೆಗೆದುಕೊಳ್ಳಿ. ಅಖಿಲ ಭಾರತ ಬಾರ್ ಪರೀಕ್ಷೆ ಪಾಸಾದ ದಾಖಲೆ ಜೊತೆಗಿರಲಿ. ಕಲೀನಾದ ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ (ಎಲ್ಲ ವರ್ಷದ ಅಂಕಗಳ ಅಧಿಕೃತ ಪಟ್ಟಿ) ಒಂದಕ್ಕಿಂತ ಹೆಚ್ಚು ಪ್ರತಿ ಮುಚ್ಚಿದ ಲಕೋಟೆಯಲ್ಲಿ ತರಿಸಿ. ನಿಮ್ಮ ಸೀನಿಯರ್ ಹತ್ತಿರ ಲೆಟರ್‌ಹೆಡ್ ಮೇಲೆ ಪತ್ರ ಬರೆಸಿಕೊಳ್ಳಿ. ‘ಒಳ್ಳೆಯ ಹುಡುಗಿ, ಕಷ್ಟಪಟ್ಟು ದುಡಿಯುತ್ತಾಳೆ’ ಅನ್ನುವ ಪತ್ರ ಉಪಯೋಗಕ್ಕಿಲ್ಲ. ಯಾವ ಬಗೆಯ ಕೇಸು, ನೀವು ಸ್ವತಃ ಏನು ಬರೆದಿರಿ, ಯಾವಾಗ ನಿಂತು ವಾದಿಸಿದಿರಿ ಅಂತ ಇರಲಿ. ಇದೇ ಪತ್ರ ಎಸ್‌ಕ್ಯೂಇ ವಿನಾಯಿತಿಗೂ ಬರುತ್ತದೆ. ಲಂಡನ್ನಿನಿಂದ ಯಾರಾದರೂ ಫೋನ್ ಮಾಡಬಹುದು ಅಂತ ಅವರಿಗೆ ಮೊದಲೇ ತಿಳಿಸಿ. ಇನ್ನೊಂದು ವಿಷಯ: ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರಿದ ಮೇಲೆ ಅದನ್ನು ಬಾರ್ ಕೌನ್ಸಿಲ್‌ಗೆ ತಿಳಿಸಿ ವಕೀಲಿ ನಿಲ್ಲಿಸಬೇಕು, ನಮ್ಮ ನಿಯಮ 49 ಹಾಗೆ ಹೇಳುತ್ತದೆ. ಸನದನ್ನು ತಾತ್ಕಾಲಿಕವಾಗಿ ತಡೆಹಿಡಿಸಿದರೆ ವಾಪಸ್ ಬಂದಾಗ ಮತ್ತೆ ಶುರು ಮಾಡಬಹುದು. ಸುಮ್ನೆ ಬಿಟ್ಟು ಹೋದರೆ ಮುಂದೆ ವಿವರಣೆ ಕೊಡುತ್ತಾ ಕೂರಬೇಕಾಗುತ್ತದೆ.

ನ್ಯೂಯಾರ್ಕ್ ಮತ್ತು ಕೆನಡಾ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಈಗ ನಿಮಗೆ ಅವು ದಾರಿ ತಪ್ಪಿಸುತ್ತವೆ. ನ್ಯೂಯಾರ್ಕ್ ಬಾರ್‌ಗೆ ನಿಮ್ಮ ಲಂಡನ್ ಎಲ್‌ಎಲ್‌ಎಂ ಲೆಕ್ಕಕ್ಕಿಲ್ಲ. ಅವರು ಒಪ್ಪುವುದು ಅಮೆರಿಕದ ಮಾನ್ಯತೆ ಪಡೆದ ಕಾಲೇಜಿನ 24 ಕ್ರೆಡಿಟ್‌ಗಳ ಎಲ್‌ಎಲ್‌ಎಂ. ಅದಿಲ್ಲದೆಯೂ ನಿಮ್ಮ ಐದು ವರ್ಷದ ಭಾರತೀಯ ಪದವಿಯ ಮೇಲೆಯೇ ಅರ್ಹತೆ ಸಿಗುವ ಸಾಧ್ಯತೆ ಇದೆ. ಅದಕ್ಕೆ ಮುಂಚಿತವಾಗಿ ದಾಖಲೆ ಕಳಿಸಿ ಪರಿಶೀಲನೆ ಮಾಡಿಸಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಪಾಸಾದರೂ ಅಮೆರಿಕದ ವೀಸಾ ಬರುವುದಿಲ್ಲ. ಕೆನಡಾದಲ್ಲಿ ಎನ್‌ಸಿಎ ಅನ್ನುವ ಸಮಿತಿ ನಿಮ್ಮ ಪದವಿ ನೋಡಿ ಯಾವ ಪರೀಕ್ಷೆ ಬರೆಯಬೇಕು ಅಂತ ಹೇಳುತ್ತದೆ. ಅಲ್ಲಿನ ಸಂವಿಧಾನ, ಆಡಳಿತ, ಅಪರಾಧ ಕಾನೂನು ಎಲ್ಲ ಕಡ್ಡಾಯ. ಆಮೇಲೆ ಪ್ರಾಂತ್ಯದ ಪರೀಕ್ಷೆ, ಆಮೇಲೆ ಆರ್ಟಿಕ್ಲಿಂಗ್, ಅಂದರೆ ವಕೀಲರ ಕೈಕೆಳಗಿನ ತರಬೇತಿ. ಒಂಟಾರಿಯೊದಲ್ಲಂತೂ ಪ್ಯಾರಾಲೀಗಲ್ ಆಗಲೂ ಲೈಸೆನ್ಸ್ ಬೇಕು. ಅಲ್ಲೇ ನೆಲೆಸುವ ನಿರ್ಧಾರ ಮಾಡಿದವರಿಗೆ ಇದು ಒಳ್ಳೆಯ ದಾರಿ. ಹದಿನಾರು ತಿಂಗಳ ವೀಸಾ ಕೈಯಲ್ಲಿ ಹಿಡಿದವರಿಗಲ್ಲ.

ಸಿಂಗಾಪುರ ಮತ್ತು ದುಬೈಯನ್ನು ಮಾತ್ರ ಲಂಡನ್ ಜೊತೆಗೇ ಹುಡುಕಿ. ಸಿಂಗಾಪುರದಲ್ಲಿ ವಿದೇಶಿ ವಕೀಲರು ಅಲ್ಲಿನ ಕಾನೂನು ಸಚಿವಾಲಯದಡಿ ನೋಂದಾಯಿಸಿಕೊಂಡು ಫರ್ಮ್‌ಗಳಲ್ಲಿ ಕೆಲಸ ಮಾಡಬಹುದು. ಅಲ್ಲಿನ ಅಂತಾರಾಷ್ಟ್ರೀಯ ಮಧ್ಯಸ್ಥಿಕೆ ಕೇಂದ್ರಕ್ಕೆ ಭಾರತದ ಕಕ್ಷಿದಾರರು ಬಹಳ, ಅದಕ್ಕೇ 2013ರಲ್ಲಿ ಮುಂಬಯಿಯಲ್ಲೇ ಕಚೇರಿ ತೆರೆದರು. ದುಬೈಯ ಸಾಮಾನ್ಯ ಕೋರ್ಟುಗಳು ಅರೇಬಿಕ್‌ನಲ್ಲಿ ನಡೆಯುತ್ತವೆ, ಆದರೆ ಅಲ್ಲಿನ ಹಣಕಾಸು ಕೇಂದ್ರದ ಕೋರ್ಟುಗಳು ಇಂಗ್ಲಿಷಿನಲ್ಲಿ, ಕಾಮನ್ ಲಾ ಪದ್ಧತಿಯಲ್ಲಿ ನಡೆಯುತ್ತವೆ. ಕಂಪನಿಗಳ ಕಾನೂನು ವಿಭಾಗದಲ್ಲಿ ನಮ್ಮವರು ತುಂಬಾ ಇದ್ದಾರೆ. ಯುಎಇಗೆ ಅಪೊಸ್ಟಿಲ್ (ಹಲವು ದೇಶಗಳು ಒಪ್ಪುವ ಒಂದೇ ದೃಢೀಕರಣ ಮುದ್ರೆ) ಸಾಲದು, ರಾಜ್ಯ, ವಿದೇಶಾಂಗ ಇಲಾಖೆ, ಯುಎಇ ರಾಯಭಾರ ಕಚೇರಿ ಮೂರೂ ಕಡೆ ದೃಢೀಕರಣ ಆಗಬೇಕು. ಪದವಿ ಪತ್ರಕ್ಕೆ ಇದನ್ನೂ ಈಗಲೇ ಮಾಡಿಸಿಟ್ಟರೆ ಒಳ್ಳೆಯದು.

ದುಡ್ಡು ಕೊಟ್ಟರೆ ಸ್ಪಾನ್ಸರ್‌ಶಿಪ್ ಕೊಡಿಸುತ್ತೇವೆ ಅನ್ನುವವರು ನಿಮಗೆ ಈಗಾಗಲೇ ಫೋನ್ ಮಾಡಿರುತ್ತಾರೆ. ಒಂದು ಪೈಸೆ ಕೊಡಬೇಡಿ. ಬ್ರಿಟನ್ನಿನಲ್ಲಿ ಕೆಲಸ ಹುಡುಕಿಕೊಟ್ಟದ್ದಕ್ಕೆ ಅಭ್ಯರ್ಥಿಯಿಂದ ಏಜೆನ್ಸಿ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಕೊಂಡ ಪ್ರಾಯೋಜಕತ್ವ ಸಿಕ್ಕಿಬಿದ್ದರೆ ವೀಸಾ ಮಾತ್ರ ಹೋಗುವುದಿಲ್ಲ. ಸಾಲಿಸಿಟರ್ ಆಗಲು ನಡತೆಯ ಪರಿಶೀಲನೆ ಇರುತ್ತದೆ, ಆ ಬಾಗಿಲೂ ಮುಚ್ಚುತ್ತದೆ.

ಬಾಡಿಗೆ ಕಟ್ಟಲು ಏನಾದರೂ ಕೆಲಸ ಬೇಕು, ಅದು ನನಗೆ ಅರ್ಥವಾಗುತ್ತದೆ. ಗ್ರಾಜುಯೇಟ್ ವೀಸಾದಲ್ಲಿ ಬಹುತೇಕ ಯಾವ ಕೆಲಸವನ್ನೂ ಮಾಡಬಹುದು. ಆದರೆ ಆದಷ್ಟು ಕಾನೂನಿಗೆ ಹತ್ತಿರದ್ದು ಹಿಡಿಯಿರಿ: ದಾಖಲೆ ಪರಿಶೀಲನೆ, ಬ್ಯಾಂಕುಗಳ ಕೆವೈಸಿ ಮತ್ತು ಹಣ ಅಕ್ರಮ ತಡೆ ವಿಭಾಗ, ಕಂಪನಿಗಳಲ್ಲಿ ಕರಾರು ನಿರ್ವಹಣೆ. ದಿನಗೂಲಿ ಲೆಕ್ಕದ ಕೆಲಸವಾದರೂ ಸಿವಿಯಲ್ಲಿ ಖಾಲಿ ಜಾಗ ಉಳಿಯುವುದಿಲ್ಲ, ಓದಲು ಸಂಜೆಯೂ ಸಿಗುತ್ತದೆ.

ವಾಪಸ್ ಬರುವ ಪ್ರಶ್ನೆಗೆ ಈಗಲೇ ಉತ್ತರ ಬೇಡ, ಒಂದು ದಿನಾಂಕ ಇಟ್ಟುಕೊಳ್ಳಿ. ವೀಸಾ ಮುಗಿಯಲು ಐದು ತಿಂಗಳು ಇರುವ ದಿನ. ಹೊಸ ವೀಸಾಕ್ಕೆ ಹಳೆಯದು ಮುಗಿಯುವ ಮೊದಲೇ ಅರ್ಜಿ ಹೋಗಬೇಕು, ಉದ್ಯೋಗದಾತನಿಗೂ ಕಾಗದ ಪತ್ರಕ್ಕೆ ಸಮಯ ಬೇಕು. ಅಷ್ಟರೊಳಗೆ ಎಸ್‌ಕ್ಯೂಇ ಮೊದಲ ಹಂತದ ಫಲಿತಾಂಶ ಬಂದಿರುತ್ತದೆ, ವಿನಾಯಿತಿಯ ಉತ್ತರವೂ ಬಂದಿರಬಹುದು. ಆ ದಿನ ಗಂಭೀರವಾಗಿ ಮಾತಾಡುತ್ತಿರುವ ಒಬ್ಬ ಪ್ರಾಯೋಜಕನಾದರೂ ಇದ್ದರೆ ಮುಂದುವರಿಯಿರಿ. ಇಲ್ಲದಿದ್ದರೆ ಉಳಿದ ತಿಂಗಳ ಬಾಡಿಗೆ ಉಳಿಸಿ ಇಲ್ಲಿಗೆ ಬನ್ನಿ. ಎಸ್‌ಕ್ಯೂಇ ಇಲ್ಲಿದ್ದುಕೊಂಡೂ ಮುಗಿಸಬಹುದು, ಎರಡನೇ ಹಂತದ ವಿನಾಯಿತಿ ಸಿಗದಿದ್ದರೆ ಮಾತಿನ ಭಾಗಕ್ಕೆ ಮಾತ್ರ ಬ್ರಿಟನ್ನಿಗೆ ಹೋಗಿ ಬರಬೇಕು. 2025ರ ತಿದ್ದುಪಡಿಯ ನಂತರ ಭಾರತದ ವಕೀಲರು ಇಲ್ಲಿನ ಸನದು ಬಿಡದೆಯೇ ವಿದೇಶಿ ಕಾನೂನಿನ ಕೆಲಸಕ್ಕೂ ನೋಂದಾಯಿಸಿಕೊಳ್ಳಬಹುದು. ಅಡ್ಮಿರಾಲ್ಟಿ ಕೋರ್ಟಿನಲ್ಲಿ ನಿಂತು ಅನುಭವ ಇರುವ, ಇಂಗ್ಲಿಷ್ ಕಾನೂನಿನ ಲೈಸೆನ್ಸೂ ಇರುವ ವಕೀಲೆಯನ್ನು ಫೋರ್ಟಿನ ಹಡಗು ಫರ್ಮ್‌ಗಳು ಬಿಡುವುದಿಲ್ಲ. ಅಂಥವರು ಸಿಕ್ಕರೆ ನಾನೇ ಸಂದರ್ಶನಕ್ಕೆ ಕರೆಯುತ್ತೇನೆ.

ಮನೆಯವರ ಜೊತೆ ಸಾಲದ ಮಾತಾಡುವಾಗ ಈ ದಿನಾಂಕವನ್ನೂ ಪರೀಕ್ಷೆಯ ಖರ್ಚನ್ನೂ ಬರೆದು ತೋರಿಸಿ. ಬ್ಯಾಂಕಿಗೂ ಈಗಲೇ ಹೋಗಿ, ಕಂತು ಶುರುವಾಗುವ ತಿಂಗಳು ಯಾವುದು, ಅವಧಿ ಹೆಚ್ಚಿಸಿದರೆ ಕಂತು ಎಷ್ಟಕ್ಕೆ ಇಳಿಯುತ್ತದೆ ಅಂತ ಲಿಖಿತವಾಗಿ ಕೇಳಿ. ಕಂತು ತಪ್ಪುವ ಮುಂಚೆ ಕೇಳಿದವರ ಜೊತೆ ಬ್ಯಾಂಕಿನವರು ಮಾತಾಡುವ ಧಾಟಿಯೇ ಬೇರೆ. ತಿದ್ದಿದ ಸಿವಿ ಮತ್ತು ಆ ಎರಡು ಪುಟದ ಬರಹ ಸಿದ್ಧವಾದಾಗ ನನಗೂ ಒಂದು ಪ್ರತಿ ಕಳಿಸಿ, ಓದಿ ಹೇಳುತ್ತೇನೆ.